ಸೊನ್ನೆ ಒತ್ತಿದ ಮನೆ

ಭಾನುವಾರ ಹತ್ತು ಗಂಟೆಗೆ ನಮ್ಮ ಕೂಟ. ಆಂಡರ್ಸನ್‌ಪೇಟೆಯಲ್ಲಿ ಒಂದು ಟೈಲರ್ ಅಂಗಡಿಯ ಮೇಲಿನ ರೂಮು. ಕೆಳಗೆ ಮಿಷನ್ನು ಓಡಿದರೆ ಮೇಲೆ ನಮ್ಮ ಟೀ ಲೋಟ ನಡುಗುತ್ತದೆ. ಏಳೆಂಟು ಜನ ಸೇರುತ್ತೇವೆ. ಊರಿನ ಯಾವುದಾದರೂ ಒಂದು ಕಷ್ಟ ಹಿಡಿದುಕೊಂಡು, ಫೋನಿನಿಂದಲೋ ಕಂಪ್ಯೂಟರಿನಿಂದಲೋ ಅದಕ್ಕೆ ಏನಾದರೂ ದಾರಿಯಾಗುತ್ತದಾ ಅಂತ ನೋಡುವುದು, ಅಷ್ಟೇ ಕೆಲಸ. ಬಂಗಾರಪೇಟೆಯಿಂದ ಬರುವ ಹುಡುಗಿ ಪ್ರೋಗ್ರಾಂ ಬರೆಯುತ್ತಾಳೆ. ರಿಟೈರಾದ ನರ್ಸಮ್ಮ ಒಬ್ಬರು ಕಾಯಿಲೆ ಕಸಾಲೆ ವಿಷಯ ಹೇಳುತ್ತಾರೆ. ನಾನು ಕಾಮಸಮುದ್ರದ ಕಡೆಯ ಹಳ್ಳಿಯವಳು, ಹಾಲಿನ ಡೈರಿಯಲ್ಲಿ ಕಾರ್ಯದರ್ಶಿ. ನನ್ನನ್ನು ಕರೆದದ್ದು ಬುದ್ಧಿಗಲ್ಲ, ಬಾಯಿಗೆ. ಕನ್ನಡ ಅಜ್ಜಿಯ ಮಡಿಲಲ್ಲಿ ಬಂತು, ತೆಲುಗು ಅವಳ ಬೀಗಿತ್ತಿಯರ ಜಗಳದಲ್ಲಿ, ತಮಿಳು ಸಂತೆಯ ಮುದುಕಿಯರ ಪಕ್ಕ ಕೂತು. ಯಾರ ಮನೆ ಬಾಗಿಲಾದರೂ ಎರಡು ಮಾತಿಗೆ ತೆಗೆಸುತ್ತಾಳೆ ಅಂತ ಅಜ್ಜಿ ಹೇಳುತ್ತಿದ್ದಳು. ಹೊಗಳಿಕೆಯೋ ಬೈಗುಳವೋ, ನಾನು ಕೇಳಲಿಲ್ಲ.

ಆ ಬೇಸಿಗೆಯಲ್ಲಿ ಯಾರೋ ಪುಣ್ಯಾತ್ಮರು ನಮಗೆ ಎರಡು ಆಕ್ಸಿಜನ್ ಮಿಷನ್ ಕೊಟ್ಟರು. ಕರೆಂಟಿಗೆ ಹಾಕಿದರೆ ಗಾಳಿಯಿಂದಲೇ ಆಕ್ಸಿಜನ್ ಹಿಂಡಿ ಮೂಗಿನ ಕೊಳವೆಗೆ ಕೊಡುವಂಥವು. ನಂದಿದುರ್ಗದ ಲೈನ್ ಮನೆಗಳಲ್ಲಿ, ಅಂದರೆ ಗಣಿಯವರು ಕೂಲಿಗಳಿಗೆ ಕಟ್ಟಿಸಿದ ಸಾಲುಮನೆಗಳಲ್ಲಿ, ಚಿನ್ನದ ಗಣಿಯೊಳಗೆ ದುಡಿದ ಮುದುಕರಿದ್ದಾರೆ. ಗಣಿ ಮುಚ್ಚಿ ಒಂದು ತಲೆಮಾರು ಕಳೆದರೂ ಕಲ್ಲಿನ ಧೂಳು ಅವರ ಎದೆ ಬಿಟ್ಟು ಹೋಗಿಲ್ಲ. ಮಿಷನ್ ಎರಡು, ಎದೆ ಎಷ್ಟೋ. ತಮಗೆ ಬೇಕಾದವರಿಗೆ ಕೊಟ್ಟುಕೊಂಡರು ಅನ್ನುವ ಮಾತು ಬರಬಾರದೆಂದು ಹುಡುಗಿ ಫೋನಿನಲ್ಲೇ ಎಂಟು ಪ್ರಶ್ನೆಯ ಒಂದು ಫಾರಂ ಮಾಡಿದಳು. ಉತ್ತರಕ್ಕೆ ಅಂಕ. ಅಂಕ ಜಾಸ್ತಿ ಬಂದ ಮನೆಗೆ ನರ್ಸಮ್ಮ ಬೆರಳಿಗೆ ಹಾಕುವ ಕ್ಲಿಪ್ಪು ತಗೊಂಡು ಹೋಗಿ ರಕ್ತದ ಆಕ್ಸಿಜನ್ ಮಟ್ಟ ನೋಡುವುದು, ಡಾಕ್ಟರ ಚೀಟಿ ಮಾಡಿಸುವುದು, ಆಮೇಲೆ ಮಿಷನ್. ಎಲ್ಲರೂ ತಲೆದೂಗಿದೆವು. ನಾನು ಸ್ವಲ್ಪ ಜಾಸ್ತಿಯೇ ತೂಗಿದೆ.

ಮನೆ ಮನೆ ಕೇಳುವ ಕೆಲಸ ನನ್ನದು. ಕೆಮ್ಮು ಅಂತ ಒಂದು ಮನೆಯಲ್ಲಿ, ದಗ್ಗು ಅಂತ ಇನ್ನೊಂದರಲ್ಲಿ, ಇರುಮಲ್ ಅಂತ ಮುಂದಿನದರಲ್ಲಿ. ಪಟ್ಟಿ ಹಿಡಿದು ಬಂದವರನ್ನು ಆ ಜನ ಬಹಳ ನೋಡಿದ್ದಾರೆ. ಯಾವ ಪಟ್ಟಿಯಲ್ಲಿ ಏನು ಬರುತ್ತದೋ ಅಂತ ಎಷ್ಟೋ ಹೆಂಗಸರು ಕೇಳುವ ಮುಂಚೆಯೇ ಎಲ್ಲದಕ್ಕೂ ಹೂಂ ಅನ್ನುತ್ತಿದ್ದರು.

ಲೈನಿನ ಕೊನೆಯ ಮನೆಯ ತಾತ ಮಾತ್ರ ಹಾಗಲ್ಲ. ನಾನು ಬಾಗಿಲಿಗೆ ಬರುವಾಗ ಒಳಗೆ ಕೆಮ್ಮು ಕೇಳುತ್ತಿತ್ತು, ಒಣ ತೆಂಗಿನಗರಿ ಎಳೆದ ಹಾಗೆ. ನಾನು ಕೂಗಿದ್ದೇ ತಡ, ನಿಂತಿತು. ಒಳಗೆ ಹೋದರೆ ಮಂಚದ ಅಂಚನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಕೂತಿದ್ದ. ಮಂಚದ ಕೆಳಗೆ ಕಫ ಉಗುಳಲು ಬೂದಿ ಹಾಕಿದ ಡಬ್ಬ. ಹುಡುಗನಾಗಿದ್ದಾಗ ನಮ್ಮ ಸೀಮೆಯಿಂದಲೇ ಗಣಿಗೆ ಬಂದವನಂತೆ. ನನ್ನ ಊರಿನ ಹೆಸರು ಕೇಳಿ ಅಜ್ಜಿಯ ಗುರುತನ್ನೂ ಹಿಡಿದ. ಕೆಮ್ಮು ಇದೆಯಾ ಅಂದೆ. ಇಲ್ಲ. ರಾತ್ರಿ ನಿದ್ದೆ? ಚೆನ್ನಾಗಿ. ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತದಾ?

"ಈ ಮನೇಗೆ ಮೆಟ್ಲೇ ಇಲ್ವಲ್ಲಮ್ಮಿ" ಅಂತ ನಕ್ಕ. ನಗು ಅರ್ಧಕ್ಕೇ ನಿಲ್ಲಿಸಿದ, ಪೂರ್ತಿ ನಕ್ಕರೆ ಕೆಮ್ಮು ಬರುತ್ತಿತ್ತಲ್ಲ.

ಅಡುಗೆಮನೆಯ ಬಾಗಿಲಲ್ಲಿ ಅವನ ಹೆಂಡತಿ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ಫೋನು ನೋಡಿದೆ. ಎಂಟು ಸಲ ಸೊನ್ನೆ ಒತ್ತಿದೆ, ಹಸಿರು ಗುರುತು ಬಂತು. ಅವನು ಅದನ್ನು ತೋರಿಸು ಅಂದ. ನೋಡಿ, "ಫಿಟ್ಟು" ಅಂದ, ಪರೀಕ್ಷೆ ಪಾಸಾದವನ ಹಾಗೆ.

ಮೂರು ಭಾನುವಾರ ಕಳೆಯಿತು. ಎರಡು ಮಿಷನ್ನೂ ಹೆಚ್ಚು ಅಂಕ ಬಂದ ಎರಡು ಮನೆ ಸೇರಿದ್ದವು. ನಾಲ್ಕನೆಯ ಭಾನುವಾರ ಆ ತಾತನ ಹೆಂಡತಿ ಟೈಲರ್ ಅಂಗಡಿಯ ಮೆಟ್ಟಿಲ ಮೇಲೆ ಬಂದು ಕೂತಿದ್ದಳು. ಒಳಗೆ ಬಾ ಅಂದರೂ ಬರಲಿಲ್ಲ. ಗಂಡ ತಿಂಗಳಿಂದ ಗೋಡೆಗೆ ಒರಗಿಕೊಂಡೇ ಮಲಗುತ್ತಾನೆ, ಎರಡು ದಿನದಿಂದ ಗಂಜಿ ಕುಡಿಯುವಷ್ಟೂ ಉಸಿರಿಲ್ಲ ಅಂದಳು. ಹಾಗಾದರೆ ಅವತ್ತು ಯಾಕೆ ಇಲ್ಲ ಅಂದ ಅಂತ ಕೇಳಿದೆ. ಅವಳು ಹೇಳಿದ್ದು ಇಷ್ಟು: ಗಣಿ ನಡೆಯುತ್ತಿದ್ದಾಗ, ಕೆಮ್ಮು ಅಂತ ಬರೆಸಿದರೆ ಗಣಿ ಒಳಗಿನ ಕೆಲಸ ತಪ್ಪುತ್ತದೆ ಅನ್ನುವ ಹೆದರಿಕೆ ಆ ಗಂಡಸರಿಗೆಲ್ಲ. ಗಣಿಯ ಡಾಕ್ಟರ ಮುಂದೆ ನಿಲ್ಲುವ ದಿನ ಶುಂಠಿ ಜಗಿದು, ಎದೆ ಬಿಗಿ ಹಿಡಿದುಕೊಂಡು ಹೋಗುತ್ತಿದ್ದರು. ಒಬ್ಬನಿಗೆ ಕೆಮ್ಮು ಒತ್ತರಿಸಿದರೆ ಪಕ್ಕದವನು ಜೋರಾಗಿ ಮಾತಾಡಿ ಮುಚ್ಚುತ್ತಿದ್ದ.

"ಅವತ್ನಿಂದ ಬರ್ಕೊಳ್ಳೋರು ಯಾರು ಬಂದ್ರೂ ಇಲ್ಲ ಅಂತಾನೆ. ನಿಂಗೆ ಕೇಳಿಸ್ಲಿಲ್ವೇನಮ್ಮಿ?"

ಮೇಲೆ ಹೋಗಿ ಆ ಮನೆಯ ಉತ್ತರ ತಿದ್ದೋಣ ಅಂದೆ. ಹುಡುಗಿ ಒಪ್ಪಲಿಲ್ಲ. ನಮ್ಮ ಕಡೆಯವರು ಅಂತ ಒಬ್ಬರದ್ದು ತಿದ್ದಿದರೆ ಫಾರಂ ಯಾಕೆ ಮಾಡಿದ್ದು ಅಂದಳು. ಅವಳ ಮಾತು ತಪ್ಪಲ್ಲ. ನರ್ಸಮ್ಮ ಕನ್ನಡಕ ತೆಗೆದು ನನ್ನನ್ನು ಕೇಳಿದರು:

"ಕೆಮ್ಮು ನೀನು ಕಿವಿಯಾರೆ ಕೇಳಿದ್ಯಾ?"

"ಕೇಳ್ದೆ."

"ಮತ್ತೆ?"

ತಾತನೇ ಇಲ್ಲ ಅಂದ, ಅಂದೆ. ಅಂದ ಮೇಲೆ ನನಗೇ ನಾಚಿಕೆಯಾಯಿತು. ಡೈರಿಯಲ್ಲಿ ದಿನಾ ಎರಡು ಹೊತ್ತು ಹಾಲು ಮೀಟರಿಗೆ ಇಡುವವಳು ನಾನು. ಹಾಲಿಗೆ ನೀರು ಹಾಕಿದ್ದೀಯಾ ಅಂತ ಯಾರನ್ನೂ ಬಾಯಲ್ಲಿ ಕೇಳಿ ಬರೆದುಕೊಂಡಿಲ್ಲ. ಮನುಷ್ಯನ ಉಸಿರನ್ನು ಮಾತ್ರ ಬಾಯಲ್ಲಿ ಕೇಳಿ ಬರೆದುಕೊಂಡೆ.

ನರ್ಸಮ್ಮ ವಾದಕ್ಕೆ ನಿಲ್ಲಲಿಲ್ಲ. ಬ್ಯಾಗು ಎತ್ತಿಕೊಂಡು ತಾತನ ಹೆಂಡತಿಯ ಜೊತೆ ಆಟೋ ಹತ್ತಿದರು, ಹಿಂದೆ ನಾನೂ ಹುಡುಗಿಯೂ. ಕ್ಲಿಪ್ಪು ತಾತನ ಬೆರಳಿಗೆ ಹಾಕಿದಾಗ ಬಂದ ನಂಬರು ನೋಡಿ ಹುಡುಗಿ ಬಾಗಿಲಾಚೆ ಹೋಗಿ ನಿಂತಳು. ಆಸ್ಪತ್ರೆ ಅಂದರೆ ತಾತ ಗೋಡೆ ಕಡೆ ತಿರುಗಿದ. ನರ್ಸಮ್ಮ ಡಾಕ್ಟರಿಗೆ ಫೋನು ಮಾಡಿದರು. ಅವರು ಬಂದು ನೋಡಿ, ಇವನು ಜಗ್ಗುವುದಿಲ್ಲ ಅಂತ ಗೊತ್ತಾದ ಮೇಲೆ ಚೀಟಿ ಬರೆದರು. ಮಿಷನ್ ತರಲು ನಾನು ಎರಡು ಲೈನು ಆಚೆಯ ಮನೆಗೆ ಓಡಿದೆ. ಅಲ್ಲಿನ ಯಜಮಾನನಿಗೆ ನರ್ಸಮ್ಮ ಕ್ಲಿಪ್ಪು ಹಾಕಿದ ದಿನ ಮಟ್ಟ ಕಡಿಮೆ ಬಂದಿತ್ತು, ಆಮೇಲೆ ಮಿಷನ್ ಬೇಕಾಗುತ್ತಿದ್ದುದು ಯಾವಾಗಲೋ ಒಮ್ಮೆ. ಈಗ ಅದರ ಮೇಲೆ ಕಸೂತಿ ಬಟ್ಟೆ, ಬಟ್ಟೆಯ ಮೇಲೆ ಗಡಿಯಾರ. "ಲಿಸ್ಟ್‌ನಾಗೆ ಬಂದಿದ್ದನ್ನ ಬ್ಯಾಡ ಅನ್ನಕಾಯ್ತದಾ ಅಕ್ಕಾ" ಅಂದಳು ಆ ಮನೆಯವಳು, ಗಡಿಯಾರ ತೆಗೆಯುತ್ತಾ.

ಮೂಗಿಗೆ ಕೊಳವೆ ಸಿಕ್ಕಿಸಿ ಸ್ವಿಚ್ಚು ಹಾಕಿದೆವು. ಮಿಷನ್ ಗುರ್ ಅಂದಿತು. ತಾತ ಮೊದಲು ಹೇಳಿದ್ದು ಬಾಗಿಲು ಹಾಕಿ ಅಂತ, ಸದ್ದು ಆಚೆ ಹೋಗಬಾರದಂತೆ. ತಗಡಿನ ಸೂರು, ನಡು ಮಧ್ಯಾಹ್ನ, ಬೆವರು ಧಾರೆ. ಆದರೂ ಹಾಕಿದೆವು. ಅರ್ಧ ಗಂಟೆಯಾದ ಮೇಲೆ ತುಟಿಯ ಕಪ್ಪು ಸ್ವಲ್ಪ ಇಳಿಯಿತು. ಹೆಂಡತಿ ಚಮಚದಲ್ಲಿ ಗಂಜಿ ಕೊಟ್ಟಳು, ನುಂಗಿದ.

ಇನ್ನು ಇದು ಇಲ್ಲೇ ಇರಲಿ, ಬದುಕಿರುವಷ್ಟು ದಿನ ಬೇಕು ಅಂತ ನರ್ಸಮ್ಮ ಹುಡುಗಿಗೆ ಮೆಲ್ಲಗೆ ಹೇಳುತ್ತಿದ್ದರು. ತಾತ ನನ್ನನ್ನು ಹತ್ತಿರ ಕರೆದ.

"ಈಗ ಬರ್ಕೊಂಡ್ಯಾ?"

ಬರ್ಕೊಂಡೆ ಅಂದೆ.

"ನನ್ ಶಿಫ್ಟಿನೋರು ಇನ್ನೂ ನಾಕೈದು ಜನ ಅವ್ರೆ ಈ ಲೈನ್‌ಗಳಾಗೆ. ಎಲ್ಲಾ ಒಟ್ಗೆ ಇಳೀತಿದ್ದೋರು. ಅವ್ರೂ ಇಲ್ಲ ಅಂದಿರ್ತಾರೆ ಕಣಮ್ಮಿ."

ಒಬ್ಬೊಬ್ಬರ ಮನೆ ಎಲ್ಲಿ ಅಂತ ಅವನು ಉಸಿರು ಎಳೆದೆಳೆದು ಹೇಳಿದ. ನಾನು ಫೋನಿನಲ್ಲಿ ಹುಡುಕಿದೆ. ನೀರಿನ ಟ್ಯಾಂಕಿನ ಎದುರು ಮನೆ, ಸೊನ್ನೆ. ಅದರ ಬೆನ್ನಿನ ಮನೆ, ಸೊನ್ನೆ. ಬೇವಿನ ಮರದ ಪಕ್ಕದ್ದು, ಸೊನ್ನೆ. ಎಲ್ಲದರ ಮುಂದೆಯೂ ಹಸಿರು ಗುರುತು, ಎಲ್ಲವೂ ನಾನೇ ಒತ್ತಿದ್ದು. ಹುಡುಗಿ ನನ್ನ ಭುಜದ ಮೇಲಿಂದ ನೋಡುತ್ತಿದ್ದಳು. ನರ್ಸಮ್ಮನ ಕೈಯಿಂದ ಕ್ಲಿಪ್ಪು ಇಸಕೊಂಡಳು.

ಟ್ಯಾಂಕಿನ ಎದುರು ಮನೆಗೆ ಮೊದಲು ಹೋದೆವು. ಬಾಗಿಲು ತೆರೆದೇ ಇತ್ತು. ಮಂಚವನ್ನು ತೊಳೆದು ಗೋಡೆಗೆ ಎತ್ತಿ ನಿಲ್ಲಿಸಿದ್ದರು, ಅದು ಇದ್ದ ಜಾಗದಲ್ಲಿ ನೆಲದ ಮೇಲೆ ಒಂದು ದೀಪ ಹಚ್ಚಿಟ್ಟಿದ್ದರು.