ಕಾಗೆಗೆ ಎಡೆ ಇಟ್ಟ ಸೊಸೆ

ಕೊರೋನಾ ಕಳೆದ ಮರುವರ್ಷದ ಮಾತು. ಆಗ ನನ್ನ ಹುದ್ದೆ ಕಾನಹೊಸಹಳ್ಳಿಯ ನಮ್ಮ ಅಡುಗೆಮನೆ. ಕೆಲಸಕ್ಕೆ ಸೇರಿ ಮೂವತ್ತೊಂದು ವರ್ಷವಾಗಿತ್ತು. ಈ ನೌಕರಿಗೆ ರಜೆಯಿಲ್ಲ, ನಿವೃತ್ತಿಯೂ ಇಲ್ಲ. ಆದರೂ ಎದ್ದ ಕೂಡಲೇ ಒಲೆ ಹೊತ್ತುತ್ತದೆ, ಎರಡು ದಿನಕ್ಕೊಮ್ಮೆಯಾದರೂ ನಲ್ಲಿಯಲ್ಲಿ ನೀರು ಬರುತ್ತದೆ, ಮೊಣಕಾಲು ಇನ್ನೂ ಮಡಚುತ್ತವೆ. ನಮ್ಮ ಮನೆದೇವರು ಕೊಟ್ಟೂರಯ್ಯನ ಮೇಲೆ ನನ್ನದೇನೂ ತಕರಾರಿಲ್ಲ.

ಆ ವರ್ಷ ಸೊಸೆ ಮಲರ್ ಮನೆಗೆ ಬಂದಳು. ಮಗ ಪ್ರಕಾಶ ಹೊಸೂರಿನ ಕಾರ್ಖಾನೆಯಲ್ಲಿದ್ದಾಗ ಮೆಚ್ಚಿ ಮದುವೆಯಾದ ತಮಿಳು ಹುಡುಗಿ. ಅವನಿಗೆ ಕೂಡ್ಲಿಗಿಯಲ್ಲಿ ಕೆಲಸ ಸಿಕ್ಕಿ ಇಬ್ಬರೂ ಇಲ್ಲಿಗೆ ಬಂದಾಗ ಅವಳು ನಾಲ್ಕು ತಿಂಗಳ ಬಸುರಿ. ಕನ್ನಡ ಬರುತ್ತಿತ್ತು. ಆದರೆ ನಮ್ಮ ಕನ್ನಡ ಕೇಳಿದರೆ ಮೊದಲು ಗಂಡನ ಮುಖ ನೋಡಿ ಆಮೇಲೆ ಉತ್ತರ ಕೊಡುತ್ತಿದ್ದಳು.

ಬಂದ ಮೂರನೆಯ ಬೆಳಗ್ಗೆ, ಇನ್ನೂ ಯಾರೂ ಉಂಡಿರಲಿಲ್ಲ, ಒಂದು ಹಿಡಿ ಅನ್ನ ತೆಗೆದು ಹಿತ್ತಲ ಗೋಡೆಯ ಮೇಲಿಟ್ಟು ಕಾಗೆಗಳನ್ನು ಕರೆದಳು. ನಾನು ಒಲೆ ಬಿಟ್ಟು ಹೊರಗೆ ಬಂದೆ. ನಮ್ಮಲ್ಲಿ ಮಣ್ಣು ಮಾಡಿದ ಮೂರನೇ ದಿನ ಸತ್ತವರಿಗೆ ಎಡೆ ಇಟ್ಟು ಕಾಗೆಗೆ ಕಾಯುತ್ತೇವೆ. ಬಸುರಿ ಹೆಣ್ಣು ಮಾಡುವ ಕೆಲಸವೇ ಅದು?

“ಮನ್ಯಾಗ ಯಾರು ಸತ್ತಾರವ್ವಾ, ಕಾಗಿಗೆ ಎಡಿ ಇಡಾಕ?” ಎಂದುಬಿಟ್ಟೆ.

ಅವಳು ಅನ್ನವನ್ನು ಬಳಿದುಕೊಂಡು ಒಳಗೆ ಬಂದಳು. ಮತ್ತೆ ಇಡಲಿಲ್ಲ. ಹೇಳಿದ ಮಾತು ಕೇಳುವ ಸೊಸೆ ಎಂದು ನಾನು ಸಮಾಧಾನಪಟ್ಟೆ.

ಊಟ ಕಮ್ಮಿಯಾದದ್ದು ಆಮೇಲೆ. ತಟ್ಟೆಯ ಮುಂದೆ ಕೂರುತ್ತಿದ್ದಳು, ನಾಲ್ಕು ತುತ್ತಿಗೆ ಕೈ ತೊಳೆಯುತ್ತಿದ್ದಳು. ರೊಟ್ಟಿ ಒಗ್ಗಲಿಲ್ಲವೇನೋ ಎಂದು ಎರಡು ಹೊತ್ತೂ ಅನ್ನ ಮಾಡಿದೆ, ಇಡ್ಲಿಗೆ ನೆನೆಹಾಕಿದೆ. ತಿಂಗಳು ಕಳೆದು ಆಸ್ಪತ್ರೆಗೆ ಹೋದರೆ ನಲವತ್ತೆಂಟು ಕಿಲೋ ಇದ್ದವಳು ನಲವತ್ತೈದೂವರೆಗೆ ಇಳಿದಿದ್ದಳು. ಹಿಮೋಗ್ಲೋಬಿನ್, ಅಂದರೆ ರಕ್ತದ ಕಸುವು, ಹನ್ನೊಂದಿರಬೇಕಾದದ್ದು ಎಂಟೂವರೆ. ನರ್ಸಮ್ಮ ಅವಳನ್ನು ಬಿಟ್ಟು ನನ್ನತ್ತ ತಿರುಗಿದರು. “ಹಿಂಗಾದ್ರ ಕೂಸು ಬೆಳಿಯೂದಿಲ್ರಿ. ಉಣ್ಣಿಸೋದು ನಿಮ್ಮ ಕೆಲಸ.”

ಮೂವತ್ತೊಂದು ವರ್ಷದ ಸರ್ವಿಸಿನಲ್ಲಿ ನನಗೆ ಬಂದ ಮೊದಲ ನೋಟಿಸು ಅದು.

ಒಂದು ಸೋಮವಾರ ಅವಳ ಕೋಣೆ ಗುಡಿಸುವಾಗ ಟ್ರಂಕಿನ ಮೇಲೆ ಫೋಟೋ ಕಂಡಿತು. ಬಿಳಿ ರುಮಾಲು, ಕರಿ ಕೋಟು, ಮೀಸೆ, ಹಣೆಯಲ್ಲಿ ಕುಂಕುಮ, ನಮ್ಮನ್ನೇ ದಿಟ್ಟಿಸುವ ಕಣ್ಣು. ತವರಿನ ದೇವರಿರಬೇಕು, ಪೂಜೆಯಿಲ್ಲದೆ ಮುನಿದಿದ್ದಾನೆ ಎಂದುಕೊಂಡೆ. ವಿಭೂತಿ ಹಚ್ಚಿ, ಕನಕಾಂಬರ ಏರಿಸಿ, ನನ್ನ ಸೊಸೆ ಉಣ್ಣಲಪ್ಪಾ ಎಂದು ಕೈಮುಗಿದೆ. ಕಣ್ಣು ಬಿಟ್ಟರೆ ಬಾಗಿಲಲ್ಲಿ ಮಲರ್. ನಮ್ಮ ಮನೆಗೆ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

“ಅತ್ತೆ, ಅವರು ದೇವರಲ್ಲ. ಕವಿ.”

ಆಮೇಲೆ ಕೂತು ಹೇಳಿದಳು. ಬ್ರಿಟಿಷರ ವಿರುದ್ಧ ಪತ್ರಿಕೆಯಲ್ಲಿ ಬರೆದು, ಜೈಲು ತಪ್ಪಿಸಿಕೊಳ್ಳಲು ಪುದುಚೇರಿಗೆ ಹೋಗಿ, ಅಲ್ಲೇ ಹತ್ತು ವರ್ಷ ಬಡತನದಲ್ಲಿ ಹಾಡು ಕಟ್ಟಿದವರು. ಜಾತಿ ಬೇಡ, ಹೆಣ್ಣು ಕಮ್ಮಿಯಲ್ಲ ಎಂದವರು. ಅವರು ಸತ್ತಾಗ ಅಂತ್ಯಕ್ರಿಯೆಗೆ ಬಂದವರು ಬೆರಳೆಣಿಕೆಯಷ್ಟು ಜನ. ಈಗ ತಮಿಳುನಾಡಿನ ಮಕ್ಕಳ ಬಾಯಲ್ಲೆಲ್ಲ ಅವರ ಹಾಡು. ಒಮ್ಮೆ ಹೆಂಡತಿ ಅಡುಗೆಗೆಂದು ಇಟ್ಟ ಅಕ್ಕಿಯನ್ನು ಅಂಗಳದ ಗುಬ್ಬಿಗಳಿಗೆ ಚೆಲ್ಲಿ, ಅವು ತಿನ್ನುವುದನ್ನು ನೋಡುತ್ತ, ಕಾಗೆ ಗುಬ್ಬಿ ನಮ್ಮ ಜಾತಿ ಎಂದು ಹಾಡಿದರಂತೆ.

ನನಗೆ ಹಾಡು ಬೇಕಿರಲಿಲ್ಲ. “ಆಕಿ ಅವತ್ತು ಏನು ಬೇಯಿಸಿದ್ಲು?” ಎಂದೆ.

ಮಲರ್ ಫೋಟೋ ಕೈಗೆ ತೆಗೆದುಕೊಂಡಳು. “ಇದನ್ನ ನಮ್ಮ ಮೇಷ್ಟ್ರೂ ಹೇಳಿಲ್ಲ ಅತ್ತೆ. ಆದ್ರೆ ಅವರು ಹೋದ ಮೇಲೆ ಅವರ ಬದುಕಿನ ಎಷ್ಟೋ ಸಂಗತಿ ಹೇಳಿ ಉಳಿಸಿದ್ದು ಆ ಹೆಂಡತೀನೇ.” ನಾನು ಏರಿಸಿದ ಹೂವು ಸರಿಮಾಡುತ್ತ ಮತ್ತೆ ಅಂದಳು: “ನಮ್ಮಪ್ಪ ಆ ಹಾಡು ಹೇಳ್ಕೊಂಡೇ ದಿನಾ ಕಾಗೆಗೆ ಅನ್ನ ಇಡ್ತಿದ್ರು. ಈಗ ಅಪ್ಪ ಇಲ್ಲ. ಕಾಗೆಗೆ ಇಡದೆ ತಿಂದ್ರೆ ಗಂಟಲಲ್ಲಿ ಇಳಿಯಲ್ಲ. ಹಟ ಅಲ್ಲ ಅತ್ತೆ.”

ಮರುದಿನ ಬೆಳಗ್ಗೆ ನಾನೇ ಹಿತ್ತಲಿಗೆ ಹೋದೆ. ಕಾಗೆಯನ್ನು ಕರೆಯಲು ನನಗೆ ಬಾಯಿ ಬರಲಿಲ್ಲ. ಗುಬ್ಬಿಗೆಂದು ಗೋಡೆಯ ಮೇಲೆ ಒಂದು ಹಿಡಿ ಅನ್ನ ಉದುರಿಸಿದೆ. ಬಂದದ್ದು ಕಾಗೆಯೇ. ಆಚೆ ಮನೆಯ ಹನುಮಕ್ಕ ಗೋಡೆಯ ಮೇಲಿಂದ ಇಣುಕಿ, ಯಾರು ಹೋದರೆಂದು ಗಾಬರಿಯಿಂದ ಕೇಳಿದಳು.

“ಯಾರೂ ಹೋಗಿಲ್ಲಬೇ. ಒಬ್ರು ಬರೋರು ಅದಾರ” ಎಂದೆ.

ಅವತ್ತು ಮಲರ್ ಎರಡು ರೊಟ್ಟಿ ತಿಂದಳು, ಮೇಲೆ ಪಲ್ಯ ಕೇಳಿ ಹಾಕಿಸಿಕೊಂಡಳು. ಮುಂದಿನ ತಿಂಗಳು ನಲವತ್ತೇಳು ಕಿಲೋ. ಮೊಮ್ಮಗಳು ಹುಟ್ಟಿದಾಗ ಎರಡು ಕಿಲೋ ಏಳುನೂರು ಗ್ರಾಂ. ಆ ಏಳುನೂರಕ್ಕೆ ಕೊಟ್ಟೂರಯ್ಯನಿಗೆ ನಾನು ಇಂದಿಗೂ ಬೇರೆಯಾಗಿ ಕೈಮುಗಿಯುತ್ತೇನೆ.

ಉಣ್ಣಿಸುವ ಕೆಲಸದಲ್ಲಿ ನಾನು ತಡವಾಗಿ ಕಲಿತದ್ದು ಇಷ್ಟೇ: ಎದುರಿಗೆ ಕೂತವರು ಯಾರಿಗೆ ಕೊಟ್ಟು ಉಂಡು ಬೆಳೆದರು ಎಂದು ಮೊದಲು ಕೇಳಬೇಕು. ಉಪ್ಪು ಹುಳಿ ಆಮೇಲೆ.

ಆ ಫೋಟೋ ಈಗ ಪಡಸಾಲೆಯಲ್ಲಿದೆ. ಸೋಮವಾರ ಹೂವಿಡುತ್ತೇನೆ. ಅವರು ದೇವರಲ್ಲ ಎಂದು ಮಲರ್ ಇನ್ನೂ ನಗುತ್ತಾಳೆ.

“ಹೂವು ಆತಗಲ್ಲವ್ವಾ,” ಎನ್ನುತ್ತೇನೆ, “ಅಕ್ಕಿ ಕಳಕೊಂಡಾಕಿಗೆ. ಆಕಿ ಫೋಟೋ ನಮ್ಮ ಹತ್ರ ಇಲ್ಲಲ್ಲ.”