ಕೆರೆದ ಅಕ್ಷರದಡಿ ಹನ್ನೊಂದು ಹೆಂಗಸರು

ಬೆಳಗಿನ ಆರು ಗಂಟೆ. ಮೊಂತೆಸ್ಕುರೊ ಬೆಟ್ಟದೂರಿನ ತಗಡಿನ ಶೆಡ್ಡಿನಲ್ಲಿ ಎರ್ಸಿಲಿಯಾ ಕುರಿದೊಗಲಿನ ಹಾಳೆಯೊಂದರ ಮೇಲೆ ಬಾಗಿದ್ದಾರೆ. ಹಾಳೆಗೆ ತೇವ ಕೊಟ್ಟು, ಅಕ್ಷರಗಳ ಸುತ್ತ ಗಟ್ಟಿಯಾದ ಮಣ್ಣನ್ನು ಬ್ರಷ್ಷಿನಿಂದ ಬಿಡಿಸುತ್ತಾರೆ. ಕೈ ಮರಗಟ್ಟುವ ಚಳಿ. ಆದರೂ ಒಲೆ ಹಚ್ಚುವಂತಿಲ್ಲ. ಬಿಸಿ ತಾಗಿದರೆ ಹಳೆಯ ದೊಗಲು ಮುದುಡುತ್ತದೆ. ದಿನಕ್ಕೆ ಎರಡು ಹಾಳೆ, ಹೆಚ್ಚೆಂದರೆ ಮೂರು.

ಅರವತ್ತಮೂರರ ಎರ್ಸಿಲಿಯಾ ಓದಿದವರಲ್ಲ. ಮೂವತ್ತು ವರ್ಷ ಚರ್ಮದ ಕೈಚೀಲ ಹೊಲಿದವರು. ಆರು ವರ್ಷದ ಹಿಂದೆ ಭೂಕಂಪಕ್ಕೆ ಚರ್ಚು ಕುಸಿಯಿತು. ಒಳಗೆ ಮೇಣದಬತ್ತಿ ಹಚ್ಚಲು ಹೋಗಿದ್ದ ತಂಗಿ ನೀವೆಸ್ ಹೊರಬರಲಿಲ್ಲ. ಅದೇ ಕಲ್ಲುರಾಶಿಯಲ್ಲಿ ಸಿಕ್ಕಿದ್ದು ಈ ಲ್ಯಾಟಿನ್ ಪೂಜಾಗ್ರಂಥ. "ಪುಸ್ತಕ ಉಳಿಸೋಕೆ ನಗರದಿಂದ ಬಂದ ತಜ್ಞರು ದೊಗಲು ಮುಟ್ಟಿ ಗೊತ್ತಿರೋರು ಬೇಕು ಅಂದ್ರು. ಮನೇಲಿ ಕೂತು ಅಳೋದಕ್ಕಿಂತ ವಾಸಿ ಅಂತ ಬಂದೆ," ಎನ್ನುತ್ತಾರೆ.

ಇದು ಊರಿನ ಪಕ್ಕದ ದೊಡ್ಡ ಮಠದ ಸನ್ಯಾಸಿಗಳು ಬರೆದದ್ದೆಂದೇ ಊರು ನಂಬಿತ್ತು. ಆದರೆ ‘ಪಾಪಿಯಾದ ನಾನು’ ಎಂಬ ಮಾತು ಬಂದಲ್ಲೆಲ್ಲ ಹಾಳೆ ತೆಳ್ಳಗಿರುವುದು ಎರ್ಸಿಲಿಯಾ ಬೆರಳಿಗೆ ಸಿಕ್ಕಿತು. ದೀಪವನ್ನು ಓರೆ ಹಿಡಿದು ತಜ್ಞರಿಗೆ ತೋರಿಸಿದರು, ಅವರು ಓದಿ ಹೇಳಿದರು. ಹೆಂಗಸೊಬ್ಬಳು ಹೇಳುವಂತೆ ಲ್ಯಾಟಿನ್ನಿನ ಹೆಣ್ಣುರೂಪದಲ್ಲಿ ಬರೆದಿದ್ದ ಪದವನ್ನು ಯಾರೋ ಚೂರಿಯಲ್ಲಿ ಕೆರೆದು ಗಂಡಸಿನದಾಗಿ ತಿದ್ದಿದ್ದರು. ಕೊನೆಯ ಹಾಳೆಯ ಮಣ್ಣು ಬಿಟ್ಟಾಗ ಗ್ರಂಥ ಬರೆದ ಸನ್ಯಾಸಿನಿಯರ ಹೆಸರುಗಳು ಕಂಡವು. ಹನ್ನೊಂದು. ಹತ್ತು ಹೆಸರುಗಳ ಮುಂದೆ ಸತ್ತ ದಿನವಿದೆ, ಎಲ್ಲವೂ ಒಂದೇ ಬೇಸಿಗೆಯವು, ಒಂದೇ ಕೈಬರಹ. ಹನ್ನೊಂದನೆಯದು ಯಾಕೊಪಾ. ಅದರ ಮುಂದೆ ದಿನವಿಲ್ಲ.

"ಬರೀತಾ ಇದ್ದೋಳೇ ಅವಳು. ತನ್ ಹೆಸರನ್ನೂ ಬರೆದಿಟ್ಟು ಕಾದಿದಾಳೆ." ಎನ್ನುತ್ತಾರೆ ಎರ್ಸಿಲಿಯಾ.

ಊರಿನ ಪಾದ್ರಿ ಇಲಾರಿಯೊ ಅವರಿಗೆ ತೋರಿಸಿದರೆ ಅವರು ತಲೆ ಮೇಲೆ ಕೈಹೊತ್ತರು. "ಎರ್ಸಿಲಿಯಕ್ಕಾ, ನಾಲ್ಕು ಜನ ಯಾತ್ರಿಕರು ಬರೋದೇ ಆ ಮಠದ ಹೆಸರಿಗೆ. ಅದನ್ನೂ ಕಳೀಬೇಡಿ."

"ಒಂದ್ಸಲ ಕೆರೆದಾಗಿದೆ ಫಾದರ್. ಇನ್ನೊಂದ್ಸಲ ನೀವು ಕೆರೀತೀರಾ?"

ಗ್ರಂಥ ಸನ್ಯಾಸಿಗಳದೆಂದು ಸಾರುವ, ಶೆಡ್ಡಿನ ಮುಂದಿನ ಫಲಕ ಬದಲಾಗಿಲ್ಲ. ಬರುವ ತಿಂಗಳು ಶೆಡ್ಡು ಮುಚ್ಚುತ್ತದೆ. ಗ್ರಂಥ ನಗರದ ಭದ್ರ ಕೋಣೆ ಸೇರುತ್ತದೆ. ಒಯ್ಯುವ ಮುನ್ನ ಒಂದು ಪೂಜೆಯಲ್ಲಿ ಆ ಹೆಸರುಗಳನ್ನು ಗಟ್ಟಿಯಾಗಿ ಓದಬೇಕೆಂದು ಎರ್ಸಿಲಿಯಾ ಕೇಳಿದ್ದಾರೆ. ಪಾದ್ರಿ ಹೂಂ ಎಂದಿಲ್ಲ, ಉಹೂಂ ಎಂದೂ ಇಲ್ಲ.

"ಅವರು ಓದದಿದ್ರೆ ನಾನೇ ಎದ್ದು ನಿಂತು ಹೇಳ್ತೀನಿ. ಪುಸ್ತಕ ಬೇಕಾಗಿಲ್ಲ, ಹನ್ನೊಂದೂ ಬಾಯಿಗೆ ಬರುತ್ತೆ," ಎನ್ನುತ್ತ ಅವರು ಇನ್ನೊಂದು ಹಾಳೆಗೆ ತೇವ ಕೊಡುತ್ತಾರೆ.