ಫರಸಿ ಅಂಗಳದ ಬಸವಣ್ಣೆಪ್ಪ

ಅಣ್ಣಿಗೇರಿಯಲ್ಲಿ ಸ್ಟೇಶನ್ನಿಗೆ ಹೋಗುವ ದಾರಿಯ ಎಡಕ್ಕೆ ಒಂದು ಸಣ್ಣ ಓಣಿ. ಓಣಿಯ ಕೊನೆಗೆ ಮೂರು ಬಾಡಿಗೆ ಮನೆ, ಮೂರಕ್ಕೂ ಸೇರಿ ಒಂದೇ ಅಂಗಳ. ಅಂಗಳದ ತುಂಬ ಫರಸಿ ಕಲ್ಲು ಹಾಸಿದೆ. ಮಣ್ಣು ಅಲ್ಲಿಗೆ ಚಪ್ಪಲಿಗೆ ಹತ್ತಿಕೊಂಡು ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ಅಂಗಳಕ್ಕೆ ಬಸವಣ್ಣೆಪ್ಪ ಬಂದದ್ದು ಹೋದ ವರ್ಷ, ದೀಪಾವಳಿ ಮುಗಿದ ಮೇಲೆ.

ಅವನು ತಿರ್ಲಾಪುರದವನು. ಮೀಸೆ ಮೂಡುವ ಮೊದಲೇ ಮಡಿವಾಳೆಪ್ಪ ಸಾಹುಕಾರರ ಮನೆಗೆ ವರ್ಷದ ಸಂಬಳದ ಆಳಾಗಿ ಸೇರಿದ. ಅವರು ತೀರಿಕೊಂಡ ಮೇಲೆ ಅವರ ಮಗ ಗೌರೀಶನ ಕೈಯಲ್ಲಿ ದುಡಿದ. ಹಳ್ಳದ ದಂಡೆಯ ಆ ಕಪ್ಪು ಮಣ್ಣಿನ ಎರಿ ಹೊಲದಲ್ಲಿ ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಕೂರಿಗೆ ಜಗ್ಗುತ್ತದೆ ಅನ್ನುವುದು ಅವನ ಕಾಲಿಗೇ ಗೊತ್ತಿತ್ತು. ಹೊಲದ ಉತಾರದ ಕಾಗದದಲ್ಲಿ ಅವನ ಹೆಸರು ಇರಲಿಲ್ಲ. ಇರಬೇಕಿತ್ತು ಎಂದು ಅವನು ಎಂದೂ ಅಂದವನಲ್ಲ. ಎತ್ತು ಹೋಗಿ ಟ್ರ್ಯಾಕ್ಟರ್ ಬಂತು. ಮೊಣಕಾಲು ಹಿಡಿದುಕೊಂಡವು. ಹೆಂಡತಿ ಹೋಗಿ ಬಹಳ ವರ್ಷವಾಗಿತ್ತು. ಬೇಳೆ ಗಿರಣಿಯಲ್ಲಿ ಕೆಲಸಕ್ಕಿದ್ದ ಮಗಳು ರೇಷ್ಮಾ ಒಂದು ದಿನ ಬಂದು, "ನಡೀ ಅಪ್ಪಾ, ಸಾಕು. ನನ್ನ ಕೂಡ ಇರು" ಅಂದಳು. ಬಸವಣ್ಣೆಪ್ಪ ಎರಡು ಧೋತರ, ಒಂದು ಕಂಬಳಿ ಗಂಟು ಕಟ್ಟಿಕೊಂಡು ಬಂದ.

ಮೊದಮೊದಲು ಹೊಸ್ತಿಲ ಮೇಲೆ ಕೂತು ಕಲ್ಲು ನೋಡುವುದೇ ಕೆಲಸವಾಯಿತು. ಬೆಳಿಗ್ಗೆ ಕೋಳಿ ಕೂಗುವ ಮೊದಲೇ ಎಚ್ಚರ. ಎದ್ದು ಎಲ್ಲಿಗೆ ಹೋಗಬೇಕು? ಮಗಳು ಗಿರಣಿಗೆ ಹೋದರೆ ಬರುವುದು ಸಂಜೆಗೆ.

ಬಾಜು ಮನೆಯ ಬಾಷಾಬಿ ಹಳೆ ಬಟ್ಟೆ ಕೂಡಿಸಿ ಕೌದಿ ಹೊಲಿಯುವವಳು. ಮಗ ಹಾರೂನ್ ಸಾಮಾನು ಸಾಗಿಸುವ ಆಟೋ ಓಡಿಸುತ್ತಾನೆ. ಒಂದು ದಿನ ಬಾಷಾಬಿ ತಳ ಒಡೆದ ಬಕೀಟನ್ನು ತಿಪ್ಪೆಗೆ ಒಯ್ಯುತ್ತಿದ್ದಳು. ಬಸವಣ್ಣೆಪ್ಪ ಬಂದ ದಿನದಿಂದ ಅವಳ ಕೂಡ ಮಾತಾಡಿರಲಿಲ್ಲ. ಅವತ್ತು ಮಾತಾಡಿದ.

"ಅದನ್ನ ಒಗೀಬ್ಯಾಡ್ರಿ ಯವ್ವಾ."

"ತೂತು ಬಿದ್ದೈತಿ ಕಾಕಾ, ನೀರು ನಿಂದ್ರೂದಿಲ್ಲ."

"ನೀರು ನಿಂದ್ರಬಾರದು. ಹೋಗಬೇಕು."

ಅವಳಿಗೆ ತಿಳಿಯಲಿಲ್ಲ, ಆದರೂ ಕೊಟ್ಟಳು. ಹಾರೂನ್ ಯಾರದೋ ಮನೆಯ ಪಾಯ ತೋಡಿದ ಮಣ್ಣನ್ನು ಒಂದು ಚೀಲ ತಂದು ಹಾಕಿದ. ಬಸವಣ್ಣೆಪ್ಪ ಅದನ್ನು ಬೆರಳಲ್ಲಿ ತಿಕ್ಕಿ ನೋಡಿ, ಹರಳು ಆರಿಸಿ, ಗೊಬ್ಬರ ಕೂಡಿಸಿ ಮೆಂತ್ಯೆ ಹಾಕಿದ. ಅಲ್ಲಿಂದ ಶುರುವಾಯಿತು. ಎಣ್ಣೆ ಡಬ್ಬಿ, ಬಣ್ಣದ ಡಬ್ಬಿ, ಬಾಯಿ ಹೋದ ಕೊಡ, ಸಿಮೆಂಟಿನ ಚೀಲ. ಎಲ್ಲವನ್ನೂ ಗೋಡೆಗುಂಟ ಸಾಲಾಗಿ ಇಟ್ಟ. ಒಂದು ಸಾಲು ಬದನೆ, ಒಂದು ಸಾಲು ಮೆಣಸಿನ ಗಿಡ, ಮೂಲೆಗೆ ಪುಂಡಿ ಸೊಪ್ಪು. ಹೀರೆ ಬಳ್ಳಿ ಮಾತ್ರ ಅವನ ಮಾತು ಕೇಳದೆ ಬಾಷಾಬಿಯ ಬಟ್ಟೆ ಒಣಹಾಕುವ ಹಗ್ಗ ಹಿಡಿಯಿತು.

ಆಚೆ ಮನೆಯ ಶಾರದವ್ವ ರೊಟ್ಟಿ ಬಡಿದು ಮಾರುವವಳು. ನಾಲಿಗೆ ಚುರುಕು. ಬಸವಣ್ಣೆಪ್ಪ ಮುಂಜಾನೆ ಕೈ ಹಿಂದೆ ಕಟ್ಟಿಕೊಂಡು ಡಬ್ಬಿಗಳ ಸುತ್ತ ಒಂದು ಸುತ್ತು ಹಾಕಿದರೆ ಅವಳು ಒಲೆಯ ಮುಂದಿನಿಂದಲೇ ಕೂಗುತ್ತಿದ್ದಳು:

"ಏನ್ ಯಣ್ಣಾ, ಹೊಲಾ ಎಲ್ಲಾ ತಿರಗ್ಯಾಡಿ ಬಂದ್ಯೇನು? ಕಾಲು ಬ್ಯಾನಿ ಆಗಿರಬೇಕು, ಕುಂದರು."

"ಆ ಕಡೆ ಹೊಲಕ್ಕ ಹುಳ ಬಿದ್ದಾವವಾ," ಅನ್ನುತ್ತಿದ್ದ ಇವನು, ನಗದೆ.

ಬದನೆಯ ಮೊದಲ ಕಾಯಿ ಬಂದಾಗ ಬಸವಣ್ಣೆಪ್ಪ ಅದನ್ನು ಬಿಡಿಸಿ, ಟವೆಲ್ಲಿನಲ್ಲಿ ಒರೆಸಿ, ಶಾರದವ್ವನ ಹೊಸ್ತಿಲಿಗೆ ಒಯ್ದು ಎರಡೂ ಕೈಯಲ್ಲಿ ಹಿಡಿದು ನಿಂತ. ಬಾಗಿಲೊಳಗೆ ಕಾಲಿಡಲಿಲ್ಲ. ಮೊದಲ ಬೆಳೆ ಸಾಹುಕಾರರ ಮನೆಗೆ ಹೋಗಬೇಕು ಅನ್ನುವುದು ಅವನ ಕೈಗೆ ಹತ್ತಿದ ರೂಢಿ. ಇಲ್ಲಿ ಸಾಹುಕಾರರಿಲ್ಲ. ಯಾರ ಮನೆಗೆ ಕೊಡಬೇಕೆಂದು ತಿಳಿಯದೆ ಒಲೆ ಉರಿಯುತ್ತಿದ್ದ ಮನೆಗೆ ಬಂದಿದ್ದ.

"ಇದೇನಪಾ, ನಾ ಏನ್ ನಿನ್ನ ಧಣಿ ಅದೀನೇನು, ಹೊರಗ ನಿಂತಿ?" ಅಂದಳು ಶಾರದವ್ವ. "ಬಾ ಒಳಗ. ಒಂದ ಕಾಯಿಗೆ ಎಣ್ಣಿಗಾಯಿ ಆಗೂದಿಲ್ಲ, ಇನ್ನೂ ನಾಕು ಆಗ್ಲಿ. ಮೂರೂ ಮನಿ ಕೂಡಿ ಉಣ್ಣೂಣು."

ಹಾಗೆಯೇ ಉಂಡರು. ಶಾರದವ್ವನ ರೊಟ್ಟಿ, ಬಾಷಾಬಿ ಮಾಡಿದ ಶೇಂಗಾದ ಸಾರು, ನಡುವೆ ಬದನೆ ಎಣ್ಣೆಗಾಯಿ. ಫರಸಿ ಮೇಲೆ ಚಾಪೆ ಹಾಸಿ ಕೂತಿದ್ದರು. ಅವತ್ತಿನಿಂದ ಅಕ್ಕಿ ತೊಳೆದ ನೀರನ್ನು ಯಾರೂ ಮೋರಿಗೆ ಚೆಲ್ಲಲಿಲ್ಲ. ನಳ ಬಾರದ ದಿನ ಮೂರೂ ಮನೆಯವರು ಒಂದೊಂದು ತಂಬಿಗೆ ತಂದು ಗಿಡಕ್ಕೆ ಹಾಕುತ್ತಿದ್ದರು. ಬಸವಣ್ಣೆಪ್ಪನಿಗೆ ಖುಷಿಯಿತ್ತು. ಸುಳ್ಳಲ್ಲ. ಆದರೆ ಮಳೆ ಬಂದ ದಿನ ಎಲ್ಲರೂ ಒಳಗೆ ಹೋದ ಮೇಲೂ ಅವನು ಬಾಗಿಲಲ್ಲಿ ನಿಂತಿರುತ್ತಿದ್ದ. ಫರಸಿ ಮೇಲೆ ಮಳೆ ಸಪ್ಪಳ ಮಾಡುತ್ತದೆ. ಎರಿ ಹೊಲದಲ್ಲಿ ಹಾಗಲ್ಲ. ಅಲ್ಲಿ ಮಳೆಯನ್ನು ನೆಲ ಕುಡಿಯುತ್ತದೆ.

ಶೀಗಿ ಹುಣ್ಣಿಮೆ ಹತ್ತಿರ ಬಂತು.

ಆ ಹುಣ್ಣಿಮೆಗೆ ಪೈರು ಹೊತ್ತ ಭೂಮಿ ಬಸುರಿ ಅಂತ ಲೆಕ್ಕ. ಬಸುರಿಗೆ ಬಯಕೆ ತೀರಿಸಬೇಕು. ಮನೆಮಂದಿಯೆಲ್ಲ ಕಡಬು, ಹೋಳಿಗೆ, ರೊಟ್ಟಿ, ಪಲ್ಯ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲಿಗೆ ಸುಣ್ಣ ಹಚ್ಚಿ ಪೂಜೆ ಮಾಡಿ, ಊಟಕ್ಕೆ ಮೊದಲು ಎಲ್ಲದರಲ್ಲೂ ಒಂದಿಷ್ಟು ತೆಗೆದು ಕಲಸಿ ಹೊಲದ ಸುತ್ತ ಚೆಲ್ಲುತ್ತಾರೆ. ಅದೇ ಚರಗ. ಒಬ್ಬ ಬುಟ್ಟಿ ಹಿಡಿದು "ಹುಲ್ಲುಲ್ಲಿಗೋ" ಎಂದು ಕೂಗುತ್ತ ಚೆಲ್ಲುತ್ತಾ ಹೋಗಬೇಕು. ಹಿಂದೆ ಒಬ್ಬ ನೀರು ಚಿಮುಕಿಸುತ್ತ "ಚಲಾಂಬರಿಗೋ" ಅನ್ನಬೇಕು. ಮಡಿವಾಳೆಪ್ಪ ಸಾಹುಕಾರರ ಹೊಲದಲ್ಲಿ ಬುಟ್ಟಿ ಹಿಡಿಯುವವನು ಬಸವಣ್ಣೆಪ್ಪನೇ. ಅವನ ಕೂಗು ಹಳ್ಳದ ಆಚೆಗೂ ಕೇಳುತ್ತಿತ್ತು. ಆ ಒಂದು ದಿನ ಅವನು ಮುಂದೆ, ಉಳಿದವರೆಲ್ಲ ಹಿಂದೆ.

ಅವನಿಗೆ ಫೋನ್ ಇರಲಿಲ್ಲ. ರೇಷ್ಮಾ ಗಿರಣಿಯಿಂದ ಬಂದ ಕೂಡಲೇ ಕೇಳುತ್ತಿದ್ದ:

"ಯಾರರ ಫೋನ್ ಮಾಡಿದ್ರೇನು?"

"ಯಾರು ಮಾಡಬೇಕಪ್ಪಾ?"

"ಯಾರಿಲ್ಲ. ಸುಮ್ಮನ ಕೇಳಿದೆ."

ಮರುದಿನವೂ ಸುಮ್ಮನೆ ಕೇಳಿದ. ಮಗಳಿಗೆ ತಿಳಿಯಲಿಲ್ಲ. ಶಾರದವ್ವನಿಗೆ ತಿಳಿಯಿತು. ಹುಣ್ಣಿಮೆಯ ದಿನ ಬಸವಣ್ಣೆಪ್ಪ ಬೆಳಕು ಹರಿಯುವ ಮೊದಲೇ ಮೈ ತೊಳೆದುಕೊಂಡು, ಒಗೆದ ಧೋತರ ಉಟ್ಟು, ರುಮಾಲು ಸುತ್ತಿ ಕಟ್ಟೆಯ ಮೇಲೆ ಓಣಿಯ ಕಡೆಗೆ ಮುಖ ಮಾಡಿ ಕೂತಿದ್ದ. ರೇಷ್ಮಾಗೆ ಗಿರಣಿಯಲ್ಲಿ ರಜೆ ಸಿಕ್ಕಿರಲಿಲ್ಲ, ಅವಳು ಹೋಗಿದ್ದಳು. ಶಾರದವ್ವ ಕಡಬು ಮಾಡಲು ಹಿಟ್ಟು ನಾದುತ್ತ ಕೇಳಿದಳು:

"ಚರಗಕ್ಕ ಹೊಂಟೀಯೇನ್ ಯಣ್ಣಾ?"

"ಕರದ್ರ ಹೋಗೂದು."

"ಕರೀಲಿಲ್ಲಾ?"

ಅವನು ರುಮಾಲು ಸರಿಮಾಡಿಕೊಂಡ.

"ಇಡೀ ಹರೇ ಅವರ ಹೊಲದಾಗ ಹಾಕಿದಿ. ಒಂದು ಮಾತು ಹೇಳಿ ಕಳಸಾಕ ಆಗಲಿಲ್ಲ ನೋಡ್ ಅವರಿಗೆ." ಅವಳಿಗೆ ಸಿಟ್ಟು ಬಂದಿತ್ತು. "ಹೋಗ್ಲಿ ಬಿಡು. ಇಲ್ಲೇ ಚೆಲ್ಲೂಣು. ನಿನ್ನ ಹೊಲ ಇಲ್ಲೇ ಐತಲ್ಲ."

ಬಸವಣ್ಣೆಪ್ಪ ತನ್ನ ಡಬ್ಬಿಗಳನ್ನು ನೋಡಿದ. "ಎಣ್ಣಿ ಡಬ್ಬಿ ಬಸರಾಗ್ತಾವೇನವಾ?" ಅಂದ.

ಶಾರದವ್ವ ನಕ್ಕಳು. ಅವನು ನಗಲಿಲ್ಲ. ಅವಳೂ ನಗುವುದನ್ನು ನಿಲ್ಲಿಸಿದಳು.

ಬಿಸಿಲು ಏರಿತು. ಓಣಿಯಲ್ಲಿ ಯಾವುದೇ ಗಾಡಿ ಸಪ್ಪಳವಾದರೂ ಅವನ ಕತ್ತು ಎದ್ದು ಇಳಿಯುತ್ತಿತ್ತು. ಊಟಕ್ಕೆ ಕರೆದರೆ ಹಸಿವಿಲ್ಲ ಅಂದ. ಬಾಷಾಬಿ ಸೂಜಿ ಕೆಳಗಿಟ್ಟು ಎದ್ದು ಬಂದಳು.

"ಕಾಕಾ, ಕರೀಲಿಲ್ಲಂದ್ರ ಏನಾತು? ಬಸ್ ಹತ್ತಿ ಹೋಗಿಬಿಡ್ರಿ. ಹೋದ್ರ ಹೊರಗ ಹಾಕ್ತಾರೇನು?"

"ಹಂಗಲ್ಲಬೇ. ದುಡಿಯೂವಾಗ ಹೋದ ಮಾತು ಬ್ಯಾರೆ. ಈಗ ನಾ ಯಾರಂತ ಹೋಗ್ಲಿ? ನನ್ನ ಹೊಲ ಏನು?"

ಬಾಷಾಬಿ ಒಳಗೆ ಹೋಗಿ ಚಹಾ ತಂದಳು. ಚಹಾ ಆರಿತು.

ಹೊತ್ತು ಪಡುವಣಕ್ಕೆ ವಾಲಿದ ಮೇಲೆ ಬಾಷಾಬಿಯ ಫೋನ್ ಸದ್ದು ಮಾಡಿತು. ಗಿರಣಿಯಿಂದ ರೇಷ್ಮಾ. ಸುತ್ತ ಯಂತ್ರದ ಗದ್ದಲ. ಬಾಷಾಬಿ ಎಲ್ಲರಿಗೂ ಕೇಳುವಂತೆ ಹಿಡಿದಳು.

"ಚಾಚಿ, ನಮ್ಮಪ್ಪ ಎಲ್ಲಿ ಅದಾನ? ಗೌರೀಶ ಸಾಹುಕಾರ್ರು ನನ್ನ ನಂಬರ್ ಯಾರ್ಯಾರನ್ನೋ ಕೇಳಿ ಹುಡಿಕ್ಯಾಡಿ ಫೋನ್ ಮಾಡ್ಯಾರ. ಮುಂಜಾನಿಂದ ಅಪ್ಪನ ಹಾದಿ ನೋಡಾಕ ಊರ ಬಸ್ ಸ್ಟ್ಯಾಂಡಿಗೆ ಎರಡ ಸಲ ಹೋಗಿ ಬಂದ್ರಂತ. ಚರಗದ ಬುಟ್ಟಿ ಹಂಗ ಇಟಕೊಂಡ ಕುಂತಾರ. ಯಾರೂ ಇನ್ನೂ ಉಂಡಿಲ್ಲಂತ!"

"ಕರೀಲಿಲ್ಲಲ್ಲವಾ," ಅಂದ ಬಸವಣ್ಣೆಪ್ಪ. ಗದ್ದಲದಲ್ಲಿ ರೇಷ್ಮಾಗೆ ಕೇಳಲಿಲ್ಲ. ಬಾಷಾಬಿಯೇ ಅದನ್ನು ಜೋರಾಗಿ ಹೇಳಿದಳು.

"ನಾನೂ ಅದನ್ನ ಅಂದೆ. 'ಮನಿ ಮಂದೀನ್ನ ಯಾರರ ಚರಗಕ್ಕ ಕರೀತಾರೇನು' ಅಂತ ನನಗ ಬೈದ್ರು."

ಬಸವಣ್ಣೆಪ್ಪ ಕಟ್ಟೆಯಿಂದ ಎದ್ದ. ಹೌದು. ಅಷ್ಟು ವರ್ಷ ಅವನನ್ನು ಯಾರೂ ಕರೆದೇ ಇರಲಿಲ್ಲ. ಕರೆಯುವುದು ಬೀಗರನ್ನು, ಅಳಿಯಂದಿರನ್ನು, ಹೊಸ ನೆಂಟರನ್ನು. ಸಾಹುಕಾರರ ಮಾತು ಹೊತ್ತು ಆ ಕರೆ ಹೇಳಲು ಊರೂರಿಗೆ ಹೋಗುತ್ತಿದ್ದವನು ಇವನೇ. ಇಷ್ಟು ತಿಳಿದವನು ಈ ಊರಿಗೆ ಬಂದು ನೆಂಟನಂತೆ ಓಣಿ ನೋಡುತ್ತ ಕೂತುಬಿಟ್ಟಿದ್ದ.

"ಹೊತ್ತು ಮುಳಗತೈತಿ," ಅಂದ. ಅಷ್ಟೇ ಅಂದ.

"ಹಾರೂನ್!" ಎಂದು ಬಾಷಾಬಿ ಒದರಿದಳು. "ಗಾಡಿ ತಗೀಲೇ!"

ಶಾರದವ್ವ ಕಡಬಿನ ಡಬ್ಬಿ ಹಿಡಿದು ತಾನೂ ಹತ್ತಿದಳು. "ನಾನೂ ಬರ್ತೀನಿ. ಆ ಸಾಹುಕಾರನ್ನ ಬೈಯೂದೈತಿ ನನಗ." ಬಾಷಾಬಿಯೂ ಹತ್ತಿದಳು. ಬಸವಣ್ಣೆಪ್ಪನನ್ನು ಹಾರೂನ್ ಪಕ್ಕದಲ್ಲಿ ಕೂಡಿಸಿದರು. ದಾರಿಯುದ್ದಕ್ಕೂ ಎರಡೂ ಕಡೆ ಹೊಲಗಳಲ್ಲಿ ಚರಗ ಮುಗಿಸಿದ ಮಂದಿ ಉಂಡು ಎದ್ದು ಬುಟ್ಟಿ ಕಟ್ಟುತ್ತಿದ್ದರು. "ಜಗ್ಗಿ ಹೊಡಿ" ಅನ್ನಲು ಬಸವಣ್ಣೆಪ್ಪನಿಗೆ ಬಾಯಿ ಬರಲಿಲ್ಲ. ಕಾಲನ್ನು ಮಾತ್ರ ಗಾಡಿಯ ತಳಕ್ಕೆ ಒತ್ತಿ ಹಿಡಿದಿದ್ದ.

ಹೊಲದ ಬದುವಿನಲ್ಲಿ ಗೌರೀಶ ನಿಂತಿದ್ದ. ತಲೆಗೆ ನರೆ ಬಂದ ಗೌರೀಶ. ಇದೇ ಬದುವಿನ ಮೇಲೆ ಬಸವಣ್ಣೆಪ್ಪನ ಹೆಗಲೇರಿ ತಿರುಗಿದವನು. ಅವನ ಹೆಂಡತಿ ದಾನೇಶ್ವರಿ ಬನ್ನಿ ಗಿಡದ ಕೆಳಗೆ ಹಸಿದ ಮಕ್ಕಳನ್ನು ಸಮಾಧಾನ ಮಾಡುತ್ತಿದ್ದಳು.

"ಏನ್ ಕಾಕಾ, ದೊಡ್ಡ ಮನಶ್ಯಾ ಆದ್ರಿ? ಈಗ ಓಲೆ ಕೊಟ್ಟು ಕರೀಬೇಕೇನು ನಿಮ್ಮನ್ನ?" ಅಂದ ಗೌರೀಶ.

"ತಪ್ಪಾತ್ರಿ ಗೌರೀಶಪ್ಪ."

"ನಾ ಕೂಗಿ ನೋಡಿದೆ. ಹುಡುಗ್ರು ನಕ್ರು. ಬುಟ್ಟಿ ಕೆಳಗ ಇಟ್ಟೆ."

ಬೈಯಲು ಬಂದ ಶಾರದವ್ವ ಬೈಯಲಿಲ್ಲ. ತನ್ನ ಕಡಬನ್ನೂ ಬುಟ್ಟಿಗೆ ಹಾಕಿ ಕಲಸಿದಳು.

ಬಸವಣ್ಣೆಪ್ಪ ಚಪ್ಪಲಿ ಬಿಟ್ಟು ಬುಟ್ಟಿ ಎತ್ತಿಕೊಂಡ. ಹತ್ತಿ ಎದೆಮಟ ಬೆಳೆದಿತ್ತು. ಮೊನ್ನೆಯ ಮಳೆಗೆ ಎರಿ ಇನ್ನೂ ಆರಿರಲಿಲ್ಲ. ಒಳಗೆ ಇಳಿದು ನಾಲ್ಕು ಹೆಜ್ಜೆ ಇಟ್ಟ. ಮಣ್ಣು ಪಾದವನ್ನು ಹಿಡಿಯಿತು. ಮೊದಲಾದರೆ ಎಳೆದುಕೊಂಡು ಹೋಗುತ್ತಿದ್ದ. ಈಗ ಮೊಣಕಾಲು ಏಳಲಿಲ್ಲ. ಇನ್ನೊಂದು ಹೆಜ್ಜೆ ಇಡಲು ನೋಡಿದ. ಗೌರೀಶ ಬಂದು ರಟ್ಟೆ ಹಿಡಿದು ಹಿಂದಕ್ಕೆ ಬದುವಿನ ಮೇಲೆ ತಂದು ನಿಲ್ಲಿಸಿ, ಬುಟ್ಟಿ ಇಸಿದುಕೊಂಡ.

"ನಾ ಚೆಲ್ತೀನಿ. ನೀವು ಕೂಗ್ರಿ."

"ಕೂಗವರು ಮುಂದ ಇರಬೇಕ್ರಿ."

"ಇಲ್ಲಿಂದ ಕೂಗ್ರಿ. ಹೊಲಕ್ಕ ಕೇಳಿದ್ರ ಆತು."

ಹಾರೂನ್ ನೀರಿನ ತಂಬಿಗೆ ಹಿಡಿದು ಗೌರೀಶನ ಹಿಂದೆ ನಡೆದ. ಬಸವಣ್ಣೆಪ್ಪ ಬನ್ನಿ ಗಿಡಕ್ಕೆ ಕೈ ಆನಿಸಿ ನಿಂತು ಕೂಗಿದ. "ಹುಲ್ಲುಲ್ಲಿಗೋ!" ಮೊದಲನೆಯದು ಒಡೆಯಿತು. ಎರಡನೆಯದು ಸರಿಯಾಗಿ ಹೋಯಿತು. "ಚಲಾಂಬರಿಗೋ" ಅನ್ನುವುದು ಹಾರೂನ್‌ಗೆ ಬಾಯಿಗೆ ಹತ್ತಲಿಲ್ಲ, ಏನೋ ಒಂದು ಅಂದ. ಮಕ್ಕಳು ನಕ್ಕರು, ಬಾಷಾಬಿಯೂ ನಕ್ಕಳು. ಬಸವಣ್ಣೆಪ್ಪನ ಕಣ್ಣು ಮಾತ್ರ ಗೌರೀಶ, ಹಾರೂನ್ ಇಬ್ಬರ ಬೆನ್ನ ಮೇಲೆಯೇ ಇತ್ತು.

ಅವರು ಹತ್ತಿಯ ನಡುವೆ ದೂರ ದೂರ ಹೋದರು. ಮೊದಲು ಬುಟ್ಟಿ ಕಾಣದಾಯಿತು, ಆಮೇಲೆ ಗೌರೀಶನ ಬಿಳಿ ಅಂಗಿ. ಬೆಳಕೂ ಕಡಿಮೆಯಾಗಿತ್ತು. ಬಸವಣ್ಣೆಪ್ಪ ಕೂಗುವುದನ್ನು ಬಿಡಲಿಲ್ಲ. ಈಗ ಹಳ್ಳದ ತಿರುವು, ಇಲ್ಲಿ ಸ್ವಲ್ಪ ಹೆಚ್ಚು ಚೆಲ್ಲಬೇಕು, ಬೆಳೆ ಇಲ್ಲಿ ಎಂದೂ ಬಡವು. ಈಗ ಜಾಲಿಯ ಬದಿ, ಕಾಲಿಗೆ ಮುಳ್ಳು. ಈಗ ಮೂಲೆ. ನಿಂತಲ್ಲಿಯೇ ನಿಂತು, ಒಳಗೊಳಗೆ ಒಂದೊಂದು ಸಾಲು ನಡೆಯುತ್ತ, ಅವರು ಮುಟ್ಟಿರಬಹುದಾದ ಜಾಗಕ್ಕೆ ಸರಿಯಾಗಿ ಒಂದೊಂದು ಕೂಗು ಕಳಿಸುತ್ತಿದ್ದ.